ಯಾರ ಕೂಸು, ಎಲ್ಲಿ ಹುಟ್ಟಿದ್ದು?

2025ರ ಜೂನ್ 28ರ ಬೆಳಗ್ಗೆ ಹುಮನಾಬಾದಿನಿಂದ ದೊಡ್ಡವ್ವ ಫೋನು ಮಾಡಿದಳು. ಸಾಮಾನ್ಯವಾಗಿ ಅವಳ ಫೋನು ಸಂಜೆ, ಮಾಣಿಕನಗರದ ಗುಡಿಗೆ ಹೋಗಿಬಂದ ಮೇಲೆ ಬರುತ್ತದೆ. ಬೆಳಗ್ಗೆಯೇ ಬಂತೆಂದರೆ ಏನೋ ಇದೆ. “ಅಲ್ಲಿ ದೊಡ್ಡ ಕೋರ್ಟ್‌ನಾಗ ಏನೋ ಆಗ್ಯಾದಂತ. ನೀ ಓದಾಕಿ, ಖರೇ ಹೇಳು. ನಮ್ಮ ಕೂಸಿಗಿ ಕಾಗದ ಸಿಗ್ತದೋ ಇಲ್ಲೋ?”

ಕೂಸು ಇನ್ನೂ ಹುಟ್ಟಿರಲಿಲ್ಲ. ದೊಡ್ಡವ್ವನ ಮಗ, ನನಗೆ ಅಣ್ಣನಾಗಬೇಕು, ಟೆಕ್ಸಾಸ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸಕ್ಕಿದ್ದಾನೆ. ಅತ್ತಿಗೆಗೆ ಆಗ ಏಳು ತಿಂಗಳು. ಹಿಂದಿನ ದಿನ ಅಮೆರಿಕದ ಸುಪ್ರೀಂ ಕೋರ್ಟು 6–3ರ ಬಹುಮತದಲ್ಲಿ ಒಂದು ತೀರ್ಪು ಕೊಟ್ಟಿತ್ತು. ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಟ್ರಂಪ್ ಹೊರಡಿಸಿದ್ದ ಆದೇಶವೊಂದನ್ನು ಕೆಳ ನ್ಯಾಯಾಲಯಗಳು ದೇಶಕ್ಕೆಲ್ಲ ಅನ್ವಯಿಸುವಂತೆ ತಡೆದಿದ್ದವು. ಹಾಗೆ ಇಡೀ ದೇಶಕ್ಕೆ ತಡೆ ಕೊಡುವ ಅಧಿಕಾರ ಆ ನ್ಯಾಯಾಲಯಗಳಿಗಿಲ್ಲ ಎಂಬುದು ತೀರ್ಪಿನ ಸಾರ. ಆದೇಶ ಸರಿಯೋ ತಪ್ಪೋ ಎಂಬುದನ್ನು ಕೋರ್ಟು ಮುಟ್ಟಲೇ ಇಲ್ಲ. ಮೂವತ್ತು ದಿನ ಆದೇಶ ಜಾರಿಯಾಗಕೂಡದು ಎಂದಷ್ಟೇ ಹೇಳಿತು. ಮೊಕದ್ದಮೆ ಹೂಡಿದ್ದ ರಾಜ್ಯಗಳ ಸಾಲಿನಲ್ಲಿ ಟೆಕ್ಸಾಸ್ ಇರಲಿಲ್ಲ. ಅತ್ತಿಗೆಯ ದಿನ ತುಂಬುವುದು ಆಗಸ್ಟ್‌ನಲ್ಲಿ. ಲೆಕ್ಕ ಯಾರಿಗಾದರೂ ತಿಳಿಯುವಂಥದೇ.

ಆ ಆದೇಶ ಹೇಳುವುದಿಷ್ಟು. ತಾಯಿ ಕಾನೂನುಬಾಹಿರವಾಗಿ ದೇಶದಲ್ಲಿದ್ದರೆ, ಅಥವಾ ಕಾನೂನುಬದ್ಧವಾಗಿದ್ದರೂ ತಾತ್ಕಾಲಿಕ ವೀಸಾದ ಮೇಲಿದ್ದರೆ, ತಂದೆಯೂ ಅಲ್ಲಿಯ ನಾಗರಿಕನೋ ಕಾಯಂ ನಿವಾಸಿಯೋ ಅಲ್ಲದಿದ್ದರೆ, ಅವರಿಗೆ ಅಮೆರಿಕದ ನೆಲದಲ್ಲಿ ಹುಟ್ಟುವ ಮಗುವನ್ನು ನಾಗರಿಕನೆಂದು ಗುರುತಿಸುವ ಕಾಗದವನ್ನು ಸರ್ಕಾರ ಕೊಡಬಾರದು. 1868ರ 14ನೇ ತಿದ್ದುಪಡಿಯ ಪ್ರಕಾರ ಆ ದೇಶದಲ್ಲಿ ಹುಟ್ಟಿ ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲರೂ ಅಲ್ಲಿಯ ನಾಗರಿಕರು. ಕಪ್ಪು ಜನ ನಾಗರಿಕರಾಗಲಾರರು ಎಂದು 1857ರ ಡ್ರೆಡ್ ಸ್ಕಾಟ್ ತೀರ್ಪು ಹೇಳಿತ್ತು. ನಡುವೆ ಒಂದು ಅಂತರ್ಯುದ್ಧ ನಡೆದು ಆ ಮೇಲೆ ಬಂದ ತಿದ್ದುಪಡಿ ಇದು. ಇನ್ನು ಮುಂದೆ ಯಾವ ಕೋರ್ಟೂ ಯಾವ ಅಧ್ಯಕ್ಷನೂ ಈ ಪ್ರಶ್ನೆಯನ್ನು ಮತ್ತೆ ಕೆದಕಬಾರದೆಂದೇ ಅದನ್ನು ಸಂವಿಧಾನದೊಳಗೆ ಇಟ್ಟರು.

ನಾನು ಗೊತ್ತಿದ್ದಷ್ಟನ್ನು ದೊಡ್ಡವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲೇ ಹುಟ್ಟಿದ ಕೂಸು ಅಲ್ಲೀದು ಅಲ್ಲಂದ್ರ ಮತ್ತ್ಯಾರ್ದು?” ಅಂದಳು.

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಆ ಹೊತ್ತು ನನ್ನ ಮುಂದೆ ಹರಡಿದ್ದುದು ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯ. ಕಲ್ಯಾಣದ ಕ್ರಾಂತಿಯನ್ನು ವಸ್ತುವಾಗಿಸಿಕೊಂಡ ಕನ್ನಡ ನಾಟಕಗಳು ನನ್ನ ವಿಷಯ. ಆ ಅಧ್ಯಾಯದ ಮೊದಲ ವಾಕ್ಯವೇ ವಚನ ಚಳವಳಿ ಹುಟ್ಟನ್ನು ನಿರಾಕರಿಸಿತು ಎಂದಿತ್ತು. ಎಲ್ಲರೂ ಬರೆಯುವ ವಾಕ್ಯ ಅದು, ನಾನೂ ಬರೆದಿದ್ದೆ. ಬಂದವನನ್ನು ಯಾರವನೆಂದು ಕೇಳಬಾರದೆನ್ನುವ ಬಸವಣ್ಣನ ವಚನ ಶಾಲೆಯಲ್ಲೇ ಬಾಯಿಪಾಠವಾದವರಿಗೆ ಅದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣುವುದಿಲ್ಲ. ಆದರೆ ದೊಡ್ಡವ್ವ ತನ್ನ ಮೊಮ್ಮಗುವಿನ ಪರವಾಗಿ ಹಿಡಿದುಕೊಂಡಿದ್ದು ಹುಟ್ಟನ್ನೇ. ಹುಟ್ಟನ್ನು ನಿರಾಕರಿಸಿದ ಊರಿನಲ್ಲಿ ಕೂತು, ಹುಟ್ಟಿನಿಂದ ಬರುವ ಹಕ್ಕು ಉಳಿಯಲಿ ಎಂದು ನಾನು ಹಾರೈಸುತ್ತಿದ್ದೆ. ಆ ವಾಕ್ಯ ಅಂದಿನಿಂದ ನನಗೆ ಸರಿಹೋಗುತ್ತಿಲ್ಲ. ಈ ಬರಹಕ್ಕೆ ಕಾರಣ ಅದೇ.

ಮೊದಲು ಒಂದು ಹಳೆಯ ಪುಸ್ತಕದ ಮಾತು. ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ವಾದಕ್ಕೆ ನಮ್ಮ ದೇಶದಲ್ಲಿ ಅತ್ಯಂತ ಪ್ರಭಾವಶಾಲಿ ರೂಪ ಕೊಟ್ಟ ಗ್ರಂಥ ಹುಟ್ಟಿದ್ದು ಇದೇ ಕಲ್ಯಾಣದಲ್ಲಿ. ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಇಲ್ಲಿ ಆಳಿದ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಕೃತಿಯ ಕೊನೆಯಲ್ಲಿ ಆತ ಕಲ್ಯಾಣ ನಗರವನ್ನೂ ಅದರ ದೊರೆಯನ್ನೂ ಹೊಗಳುತ್ತಾನೆ. ನಮ್ಮೂರಿನವರು ಅನುಭವ ಮಂಟಪದ ಬಗ್ಗೆ ಎಷ್ಟು ಮಾತಾಡುತ್ತೇವೋ ವಿಜ್ಞಾನೇಶ್ವರನ ಬಗ್ಗೆ ಅದರ ನೂರರಲ್ಲಿ ಒಂದು ಪಾಲೂ ಆಡುವುದಿಲ್ಲ. ಕಾರಣ ಊಹಿಸಬಹುದು. ಅವನದು ಧರ್ಮಶಾಸ್ತ್ರ, ವರ್ಣದ ಚೌಕಟ್ಟಿನೊಳಗಿನ ಬರಹ, ವಚನಗಳ ಎದುರಾಳಿ ಪಾಳಯ. ನಾನೂ ಅದನ್ನು ಹಾಗೇ ಬದಿಗಿಟ್ಟಿದ್ದೆ.

ಈಗ ತೆರೆದು ನೋಡಿದರೆ ಅಲ್ಲಿರುವ ವಾದ ಇದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ಅಪ್ಪ ಸತ್ತ ಮೇಲಲ್ಲ, ತಾನು ಹುಟ್ಟಿದ ಗಳಿಗೆಯಲ್ಲೇ. ಇದಕ್ಕೆ ಜನ್ಮಸ್ವತ್ವವಾದ ಎಂದು ಹೆಸರು. ಬಂಗಾಳದ ಜೀಮೂತವಾಹನನ ದಾಯಭಾಗ ಇದಕ್ಕೆ ವಿರುದ್ಧ. ಅಲ್ಲಿ ಅಪ್ಪ ಬದುಕಿರುವ ತನಕ ಎಲ್ಲವೂ ಅಪ್ಪನದೇ, ಅವನು ಕಣ್ಣು ಮುಚ್ಚಿದ ಮೇಲಷ್ಟೇ ಮಕ್ಕಳದು. ಎರಡರ ವ್ಯತ್ಯಾಸ ಆಸ್ತಿ ಯಾವಾಗ ಕೈಗೆ ಬರುತ್ತದೆ ಎಂಬುದರಲ್ಲಷ್ಟೇ ಇಲ್ಲ. ಅಪ್ಪನಿಗೆ ಎಷ್ಟು ಅಧಿಕಾರ ಎಂಬುದರಲ್ಲಿದೆ. ಮಿತಾಕ್ಷರದ ಅಪ್ಪ ಮನೆಯ ಯಜಮಾನನಾದರೂ ಪಿತ್ರಾರ್ಜಿತ ಹೊಲವನ್ನು ಮನಸ್ಸು ಬಂದ ಹಾಗೆ ಮಾರಲಾರ. ಆಪತ್ತು, ಕುಟುಂಬದ ಅಗತ್ಯ, ಧರ್ಮಕಾರ್ಯ ಇಂಥ ಕಾರಣ ಇರಬೇಕು, ಇಲ್ಲವಾದರೆ ಮಕ್ಕಳ ಒಪ್ಪಿಗೆ ಬೇಕು. ತೊಟ್ಟಿಲಲ್ಲಿರುವ ಕೂಸು ಅವನ ಕೈ ಹಿಡಿದಿದೆ. ಯಾಕೆಂದರೆ ಕೂಸಿನ ಹಕ್ಕನ್ನು ಕೊಟ್ಟವನು ಅವನಲ್ಲ. ತಾನು ಕೊಡದೇ ಇದ್ದದ್ದನ್ನು ಅವನು ಹಿಂದಕ್ಕೆ ಪಡೆಯಲಾರ.

ಹುಟ್ಟಿನಿಂದ ಬರುವ ಹಕ್ಕು ಎಂಬ ಮಾತು ಕಿವಿಗೆ ಬಿದ್ದಾಗ ನಾವು ಕೂಸಿಗೆ ಸಿಗುವುದನ್ನಷ್ಟೇ ನೋಡುತ್ತೇವೆ. ಯಜಮಾನನ ಕೈ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. ಶ್ವೇತಭವನದ ಆದೇಶವನ್ನು ನಾನು ಹಾಗೆ ಓದಿಕೊಂಡೆ. ಮಿತಾಕ್ಷರದ ಮನೆಯೊಂದನ್ನು ರಾತ್ರೋರಾತ್ರಿ ದಾಯಭಾಗದ ಮನೆ ಮಾಡಹೊರಟ ಯಜಮಾನ. ಪೌರತ್ವ ಹುಟ್ಟಿನ ಗಳಿಗೆಯಲ್ಲಿ ತಾನಾಗಿ ಬರುವುದಲ್ಲ, ನಾನು ಒಪ್ಪಿದ ಅಪ್ಪ-ಅಮ್ಮನ ಮೂಲಕ ಬರುವುದು ಎನ್ನುವುದು ಅವನ ವಾದದ ತಿರುಳು.

ಈ ಪುಟಗಳನ್ನು ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಅಂಚಿನಲ್ಲಿ ಒಂದೇ ಸಾಲು ಬರೆದರು: ಯಾವ ಕೂಸು?

ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತು. ಮಿತಾಕ್ಷರದ ಹುಟ್ಟು ಗಂಡುಕೂಸಿನ ಹುಟ್ಟು. ಈ ಹಕ್ಕು ಹೆಣ್ಣುಮಗುವಿಗೆ ದೇಶದಾದ್ಯಂತ ಸಿಕ್ಕಿದ್ದು 2005ರ ತಿದ್ದುಪಡಿಯಲ್ಲಿ. ಅಪ್ಪ ಆಗ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ, ಮಗಳ ಹಕ್ಕೂ ಹುಟ್ಟಿನಿಂದಲೇ ಎಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದು 2020ರಲ್ಲಿ. (ನನ್ನ ಇಬ್ಬರು ಸೋದರತ್ತೆಯರು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಸೀರೆ ಉಟ್ಟುಕೊಂಡು ಹೋದದ್ದು ಇವೆರಡರ ನಡುವಿನ ವರ್ಷಗಳಲ್ಲಿ. ಕಾನೂನು ಬಂದ ಮೇಲೂ ಕಾನೂನು ಮನೆಯೊಳಗೆ ಬರಲು ಬಹಳ ದಿನ ಹಿಡಿಯುತ್ತದೆ.) ಅಷ್ಟೇ ಅಲ್ಲ, ಮಿತಾಕ್ಷರ ಕೇಳುವುದು ಯಾರ ಮಗ ಎಂದು, ಎಲ್ಲಿ ಹುಟ್ಟಿದವ ಎಂದಲ್ಲ. ಹೊಟ್ಟೆಯ ಹುಟ್ಟು ಬೇರೆ, ನೆಲದ ಹುಟ್ಟು ಬೇರೆ. ಅಮೆರಿಕದ ತಿದ್ದುಪಡಿ ಹಿಡಿದದ್ದು ಎರಡನೆಯದನ್ನು. ಗುಲಾಮರ ಮಕ್ಕಳಿಗೆ ಹೊಟ್ಟೆಯ ಹುಟ್ಟೇ ಸಂಕೋಲೆಯಾಗಿತ್ತು. ನೆಲದ ಹುಟ್ಟು ಆ ಸಂಕೋಲೆಯನ್ನು ಕಳಚುವ ಉಪಾಯ. ನೀನು ಇಲ್ಲಿ ಹುಟ್ಟಿದೆಯಾ, ಸಾಕು, ಅಪ್ಪ-ಅಮ್ಮ ಯಾರಾಗಿದ್ದರು ಎಂದು ನಾವು ಕೇಳುವುದಿಲ್ಲ.

ಹಾಗೆ ನೋಡಿದಾಗ ಶರಣರು ನಿರಾಕರಿಸಿದ್ದು ಯಾವ ಹುಟ್ಟನ್ನು ಎಂಬುದು ಸ್ಪಷ್ಟವಾಗತೊಡಗಿತು. ಪರಂಪರೆ ಹೇಳುವಂತೆ ಬಸವಣ್ಣ ಬಂದದ್ದು ಬಾಗೇವಾಡಿಯಿಂದ, ಕೂಡಲಸಂಗಮದ ಮೂಲಕ. ಅಲ್ಲಮ ಬಳ್ಳಿಗಾವಿಯವನು, ಅಕ್ಕ ಉಡುತಡಿಯವಳು, ಸಿದ್ಧರಾಮ ಸೊನ್ನಲಿಗೆಯವನು, ಆದಯ್ಯ ಸೌರಾಷ್ಟ್ರದವನು, ಮೋಳಿಗೆಯ ಮಾರಯ್ಯ ದೂರದ ಕಾಶ್ಮೀರದವನು. ನಾವು ಇಷ್ಟು ಹೆಮ್ಮೆಯಿಂದ ಹೇಳಿಕೊಳ್ಳುವ ಕಲ್ಯಾಣದ ಹೆಸರುಗಳಲ್ಲಿ ಕಲ್ಯಾಣದಲ್ಲೇ ಹುಟ್ಟಿದವರನ್ನು ಹುಡುಕಬೇಕು. ಬಂದವರ ಊರು ಇದು. ಬಂದವರನ್ನು ಒಳಕ್ಕೆ ತಂದದ್ದು ದೀಕ್ಷೆ ಮತ್ತು ಕಾಯಕ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅವರೆಲ್ಲ ವಾಸದಿಂದ ಕಲ್ಯಾಣದವರಾದವರು.

ಆದರೆ ಅವರ ಮಕ್ಕಳು? ಕಲ್ಯಾಣ ಮುರಿದುಬಿದ್ದದ್ದು ಆ ಪ್ರಶ್ನೆಯ ಮೇಲೆ. ಹರಳಯ್ಯ ಸಮಗಾರ, ಮಧುವರಸ ಬ್ರಾಹ್ಮಣ. ಇಬ್ಬರೂ ದೀಕ್ಷೆ ಪಡೆದು ಶರಣರಾದವರು. ಅವರಿಬ್ಬರೂ ಒಂದೇ ಸಭೆಯಲ್ಲಿ ಕೂತರೆ ಊರು ಗೊಣಗಿ ಸುಮ್ಮನಾಗುತ್ತದೆ. ಒಬ್ಬನ ಮಗ ಇನ್ನೊಬ್ಬನ ಮಗಳನ್ನು ಮದುವೆಯಾದಾಗ ಊರು ಹೊತ್ತಿ ಉರಿಯುತ್ತದೆ. ಶೀಲವಂತ ಮತ್ತು ಕಲಾವತಿ ಶರಣರ ಮಕ್ಕಳು. ಅಪ್ಪಂದಿರು ದಾಟಿ ಬಂದದ್ದು ಮಕ್ಕಳಿಗೂ ಲೆಕ್ಕವೋ, ಅಥವಾ ಅಜ್ಜಂದಿರ ಕುಲ ಮೊಮ್ಮಕ್ಕಳ ಬೆನ್ನಿಗೆ ಅಂಟಿಕೊಂಡೇ ಇರುತ್ತದೋ? ಅರಮನೆಯ ಆಜ್ಞೆ ಉತ್ತರ ಕೊಟ್ಟಿತು. ಹರಳಯ್ಯ ಮಧುವರಸರ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂಬ ಕಥೆಯನ್ನು ನಮ್ಮ ಕಡೆ ಚಿಕ್ಕ ಮಕ್ಕಳೂ ಬಲ್ಲರು.

ಗಿರೀಶ ಕಾರ್ನಾಡರ ‘ತಲೆದಂಡ’ವನ್ನು ಈ ದೃಷ್ಟಿಯಿಂದ ಮತ್ತೆ ಓದಿದೆ. 1990ರಲ್ಲಿ ಪ್ರಕಟವಾದ ಈ ನಾಟಕವನ್ನು ಮಂದಿರ-ಮಂಡಲದ ದಿನಗಳ ನಾಟಕವೆಂದು ಓದುವುದು ರೂಢಿ. ಕಾರ್ನಾಡರೇ ಹಾಗೆ ಹೇಳಿಕೊಂಡಿದ್ದಾರೆ. ಹೀಗಾಗಿ ವಿಮರ್ಶೆ ಹೆಚ್ಚಾಗಿ ಜಾತಿ ಮತ್ತು ಧರ್ಮದ ಸುತ್ತಲೇ ತಿರುಗುತ್ತದೆ. ನಾಟಕದ ಇನ್ನೊಂದು ಎಳೆಗೆ ಯಾಕೋ ಗಮನ ಕಡಿಮೆ. ಅದು ಭಂಡಾರದ ಎಳೆ.

ನಾಟಕದ ಆರಂಭದ ಬಿಕ್ಕಟ್ಟು ಮದುವೆಯಲ್ಲ, ಭಂಡಾರ. ಭಂಡಾರಿ ಬಸವಣ್ಣ ಊರಲ್ಲಿಲ್ಲದಾಗ ಬಿಜ್ಜಳನ ಮಗ ಸೋವಿದೇವ ಲೆಕ್ಕ ನೋಡುವ ನೆಪದಲ್ಲಿ ಭಂಡಾರಕ್ಕೆ ಕೈ ಹಾಕುತ್ತಾನೆ. ಶರಣರು ಗುಂಪುಗೂಡಿ ಸುತ್ತುವರಿಯುತ್ತಾರೆ. ರಾಜನ ಮಗನಾದರೇನು, ಭಂಡಾರಿಯ ಗೈರುಹಾಜರಿಯಲ್ಲಿ ಬೀಗ ಮುಟ್ಟುವಂತಿಲ್ಲ. ಈ ಭಾಗವನ್ನು ನಾನು ಮೊದಲ ಓದಿನಲ್ಲಿ ಕಥೆಗೆ ಪೀಠಿಕೆ ಎಂದುಕೊಂಡು ದಾಟಿದ್ದೆ. ಈಗ ಅನ್ನಿಸುವುದೇ ಬೇರೆ. ಆ ಕಲ್ಯಾಣದಲ್ಲಿ ಅರಮನೆಯ ಕೈಯನ್ನು ತಡೆಯುವ ಒಂದೇ ಒಂದು ಏರ್ಪಾಡೆಂದರೆ ಆ ಬೀಗದ ಕೈ, ಮತ್ತು ಅದನ್ನು ಹಿಡಿದವನ ಪ್ರಾಮಾಣಿಕತೆಯ ಮೇಲೆ ಊರಿಗಿದ್ದ ನಂಬಿಕೆ. ಅಷ್ಟು ಮಾತ್ರ. ಬರೆದಿಟ್ಟ ನಿಯಮವಿಲ್ಲ, ರಾಜನಿಗಿಂತ ಮೇಲಿನ ಪೀಠವಿಲ್ಲ. ಬಸವಣ್ಣ ಹುದ್ದೆ ಬಿಟ್ಟು ಹೊರಟ ದಿನ ಆ ತಡೆಯೂ ಹೋಯಿತು.

ಕಾರ್ನಾಡರ ಬಿಜ್ಜಳ ಜಾನಪದದ ರಾಕ್ಷಸನಲ್ಲ. ಚಾಲುಕ್ಯರ ಸಾಮಂತನಾಗಿದ್ದು ಅವರ ಗದ್ದುಗೆಯನ್ನೇ ಕಿತ್ತುಕೊಂಡವನು. ಕ್ಷೌರಿಕ ಕುಲದವನೆಂಬ ಮಾತನ್ನು ಜೀವಮಾನವಿಡೀ ನುಂಗಿಕೊಂಡವನು. ಜಾತಿ ಮೈಮೇಲಿನ ಚರ್ಮದಂತೆ, ಸುಲಿದರೂ ಮತ್ತೆ ಅದೇ ಬೆಳೆಯುತ್ತದೆ ಎಂಬರ್ಥದ ಅವನ ಮಾತು ನಾಟಕ ನೋಡಿದವರಿಗೆ ಮರೆಯುವುದಿಲ್ಲ. ತನ್ನನ್ನು ಹುಟ್ಟಿನಿಂದ ಅಳೆಯದ ಜನ ಶರಣರು ಮಾತ್ರ ಎಂಬುದು ಅವನಿಗೆ ಗೊತ್ತು. ಆದ್ದರಿಂದಲೇ ಅವನು ಆ ಮದುವೆಯನ್ನು ತಡೆಯುವುದಿಲ್ಲ. ತಡೆಯದ ರಾಜನನ್ನು ಮಗನೇ ಬಂಧಿಸುತ್ತಾನೆ. ಕೊನೆಯಲ್ಲಿ ಬಿಜ್ಜಳ ಸತ್ತು, ಸೋವಿದೇವ ಪಟ್ಟವೇರಿ, ಶರಣರನ್ನೂ ಪರದೇಶಿಯರನ್ನೂ ಸ್ವತಂತ್ರವಾಗಿ ಯೋಚಿಸುವವರನ್ನೂ ನಾಡಿನಿಂದ ಅಟ್ಟುವ ಆಜ್ಞೆ ಹೊರಡುತ್ತದೆ. ಭಂಡಾರದ ಬೀಗದಿಂದ ಶುರುವಾದ ನಾಟಕ ಈ ನೆಲದಲ್ಲಿ ಯಾರು ಇರಬಹುದು ಎಂಬ ಆಜ್ಞೆಯಲ್ಲಿ ಮುಗಿಯುವುದು ಆಕಸ್ಮಿಕವಲ್ಲ. ಎರಡೂ ಒಂದೇ ಕೈಯ ಚಲನೆ. ಮೊದಲ ಸಲ ಅದನ್ನು ಯಾರೋ ತಡೆದರು, ಎರಡನೇ ಸಲ ತಡೆಯುವವರಿರಲಿಲ್ಲ.

ನಾಟಕದ ಮೇಲೆ ನನ್ನದೊಂದು ದೂರೂ ಇದೆ. ಮದುವೆಯ ಸುತ್ತ ಹಿರಿಯರ ಮಾತೇ ತುಂಬಿಕೊಂಡಿದೆ. ಬಸವಣ್ಣನ ಹಿಂಜರಿಕೆ, ಅಪ್ಪಂದಿರ ಹುಮ್ಮಸ್ಸು, ತಾಯಂದಿರ ಅಳುಕು, ರಾಜನ ಲೆಕ್ಕಾಚಾರ. ಯಾರ ಹುಟ್ಟಿನ ಮೇಲೆ ಇಷ್ಟೆಲ್ಲ ನಡೆಯುತ್ತಿದೆಯೋ ಆ ಇಬ್ಬರು ಎಳೆಯರಿಗೆ ನಾಟಕದಲ್ಲೂ ಹೆಚ್ಚು ಜಾಗವಿಲ್ಲ. ಲಂಕೇಶರ ‘ಸಂಕ್ರಾಂತಿ’ಯ ರುದ್ರ, ಉಷೆಯರು ಈ ವಿಷಯದಲ್ಲಿ ಎಷ್ಟೋ ವಾಸಿ, ತಮ್ಮ ತಪ್ಪುಗಳನ್ನು ತಾವೇ ಮಾಡುವಷ್ಟು ಸ್ವತಂತ್ರರು.

ಹಾಗೆಂದು ಟ್ರಂಪ್‌ರನ್ನು ಸೋವಿದೇವ ಎಂದುಬಿಡುವುದು ವಿಮರ್ಶೆಯಲ್ಲ. ಹಾಗೆ ಬರೆದರೆ ಫೇಸ್‌ಬುಕ್ಕಿನಲ್ಲಿ ಲೈಕು ಬೀಳುತ್ತವೆ, ನಾಟಕ ಹಾಳಾಗುತ್ತದೆ. ವ್ಯತ್ಯಾಸವೇ ಮುಖ್ಯ. ಆದೇಶ ಹೊರಟ ಮೂರನೇ ದಿನ, ಜನವರಿ 23ರಂದು, ಸಿಯಾಟಲ್‌ನ ಒಬ್ಬ ನ್ಯಾಯಾಧೀಶರು ಅದನ್ನು ತಡೆದರು. ಅವರನ್ನು ನೇಮಿಸಿದ್ದವರು ರೇಗನ್, ಎಂದರೆ ಟ್ರಂಪ್ ಪಕ್ಷದವರೇ ಆದ ಅಧ್ಯಕ್ಷರು. ಜೂನ್ ತೀರ್ಪಿನ ನಂತರ ಆ ಬಾಗಿಲು ಮುಚ್ಚಿತೆನ್ನುವಾಗ, ಜುಲೈ 10ರಂದು ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಲಯ ಆದೇಶದಿಂದ ಬಾಧಿತರಾಗುವ ಮಕ್ಕಳನ್ನೆಲ್ಲ ಒಂದು ವರ್ಗವೆಂದು ಪರಿಗಣಿಸಿ ಮತ್ತೆ ತಡೆ ಕೊಟ್ಟಿತು. ಜೂನ್ 27ರಿಂದ ಜುಲೈ 10ರವರೆಗಿನ ಆ ಎರಡು ವಾರ ದೊಡ್ಡವ್ವನ ಫೋನು ದಿನಾ ಬೆಳಗ್ಗೆಯೇ ಬರುತ್ತಿತ್ತು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮೂಲ ಪ್ರಶ್ನೆಯನ್ನೇ ಕೇಳಲು ಒಪ್ಪಿಕೊಂಡಿತು.

ಅಲ್ಲಿ ಎಲ್ಲ ವಾದವೂ ಸುತ್ತಿಕೊಳ್ಳುವ ಹಳೆಯ ಮೊಕದ್ದಮೆ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನದು. 1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆ-ತಾಯಿಗೆ ಹುಟ್ಟಿದವನು. 1895ರಲ್ಲಿ ಚೀನಾಕ್ಕೆ ಹೋಗಿ ಮರಳಿದಾಗ ಬಂದರಿನ ಅಧಿಕಾರಿಗಳು ನೀನು ಇಲ್ಲಿಯವನಲ್ಲ ಎಂದು ಇಳಿಯಲು ಬಿಡಲಿಲ್ಲ. 1898ರಲ್ಲಿ ಕೋರ್ಟು ಅವನನ್ನು ನಾಗರಿಕನೆಂದಿತು. ಆ ತೀರ್ಪಿನಲ್ಲಿ ಅವನ ತಂದೆ-ತಾಯಿ ಅಲ್ಲೇ ಡೊಮಿಸೈಲ್ ಆಗಿ ನೆಲೆಸಿದ್ದರೆಂಬ ಮಾತು ಬರುತ್ತದೆ. ಈಗಿನ ಸರ್ಕಾರ ಹಿಡಿದುಕೊಂಡಿರುವ ಎಳೆ ಅದೇ. ತಾತ್ಕಾಲಿಕ ವೀಸಾದವರಿಗೆ ಡೊಮಿಸೈಲ್ ಇಲ್ಲ, ಆದ್ದರಿಂದ ಅವರ ಮಕ್ಕಳಿಗೆ ಹುಟ್ಟು ಸಾಲದು ಎಂಬುದು ಅದರ ವಾದ.

ಡೊಮಿಸೈಲ್ ಎಂಬ ಪದ ನಮ್ಮ ಬೀದರ ಜಿಲ್ಲೆಯವರಿಗೆ ಹೊಸದಲ್ಲ. ಇಲ್ಲಿ ನನ್ನ ಕಥೆಯನ್ನೇ ಹೇಳಬೇಕು. ನಾನು ಬೆಳೆದದ್ದು ಬಸವಕಲ್ಯಾಣದಲ್ಲಾದರೂ ಹುಟ್ಟಿದ್ದು ಉದಗೀರದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅವ್ವನ ತವರು ಉದಗೀರ. ಆಯಿ ಹುಟ್ಟುವಾಗ ಉದಗೀರ ನಿಜಾಮನ ರಾಜ್ಯದ ಬೀದರ ಜಿಲ್ಲೆಯಲ್ಲೇ ಇತ್ತು. 1956ರಲ್ಲಿ ಜಿಲ್ಲೆಯನ್ನು ಮೂರು ಹೋಳು ಮಾಡಿದರು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಆಯಿ ಬೀದರ ಜಿಲ್ಲೆಯಲ್ಲಿ ಹುಟ್ಟಿದವಳು, ಅದೇ ಊರಿನಲ್ಲಿ ಹುಟ್ಟಿದ ಅವ್ವ ಮಹಾರಾಷ್ಟ್ರದಲ್ಲಿ ಹುಟ್ಟಿದವಳು. ಯಾರೂ ಒಂದು ಹೆಜ್ಜೆ ಆಚೀಚೆ ಇಟ್ಟಿರಲಿಲ್ಲ.

ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರಕ್ಕೆಂದು ಹೋದಾಗ ಕಚೇರಿಯ ಗುಮಾಸ್ತರು ಜನನ ದಾಖಲೆ ನೋಡಿ, “ಹುಟ್ಟಿದ್ದು ಮಹಾರಾಷ್ಟ್ರದಾಗ ಆಗ್ಯಾದಲ್ರೀ ಮೇಡಂ,” ಅಂದರು. ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. “ಚಿಂತಿ ಮಾಡಬ್ಯಾಡ್ರಿ. ಹುಟ್ಟಿಲ್ಲಂದ್ರ ಏನಾಯ್ತು, ವಾಸದ ದಾಖಲಿ ತೊಗೊಂಡ್ ಬರ್ರಿ. ಎರಡರಾಗ ಒಂದಿದ್ರ ಸಾಕು.”

ಎರಡರಲ್ಲಿ ಒಂದು. 2012ರ 98ನೇ ತಿದ್ದುಪಡಿಯಿಂದ ಬಂದ ಆ ವಿಧಿಯ ಭಾಷೆ ಹಾಗೆಯೇ ಇದೆ. ಈ ಪ್ರದೇಶಕ್ಕೆ ಜನನದಿಂದ ಅಥವಾ ಡೊಮಿಸೈಲಿನಿಂದ ಸೇರಿದವರಿಗೆ ಶಿಕ್ಷಣದಲ್ಲೂ ಸರ್ಕಾರಿ ಹುದ್ದೆಗಳಲ್ಲೂ ಒಂದು ಪಾಲು. ನನ್ನನ್ನು ಉಳಿಸಿದ್ದು ಆ ‘ಅಥವಾ’. ನಿಜಾಮನ ಕಾಲದ ಮುಲ್ಕಿ ನಿಯಮಗಳಲ್ಲೂ ಇಂಥದೊಂದು ‘ಅಥವಾ’ ಇತ್ತು. ಹುಟ್ಟಿನಿಂದ ಮುಲ್ಕಿಯಾಗಬಹುದು, ವರ್ಷಗಟ್ಟಲೆ ನೆಲೆಸಿಯೂ ಆಗಬಹುದು. ಇದನ್ನು ಪೌರತ್ವಕ್ಕೆ ಸಮ ಎನ್ನುತ್ತಿಲ್ಲ. ನೌಕರಿಯ ಪಾಲಿನ ಮಾತು ಬೇರೆ, ದೇಶದೊಳಗೆ ಇರುವ ಹಕ್ಕಿನ ಮಾತು ಬೇರೆ. ನೋಡಬೇಕಾದ್ದು ವಾಕ್ಯದ ಕಟ್ಟನ್ನು. ನಮ್ಮ ವಿಧಿಯಲ್ಲಿ ಡೊಮಿಸೈಲ್ ಎಂಬುದು ಎರಡನೇ ಬಾಗಿಲು. ಅಮೆರಿಕದ ಸರ್ಕಾರದ ವಾದದಲ್ಲಿ ಅದೇ ಪದ ಮೊದಲನೇ ಬಾಗಿಲಿಗೆ ಹಾಕಿದ ಅಗುಳಿ. ನೀನು ಇಲ್ಲಿ ಹುಟ್ಟಿರಬೇಕು, ಮತ್ತು ನಿನ್ನ ತಂದೆ-ತಾಯಿ ಇಂಥವರಾಗಿರಬೇಕು. ‘ಅಥವಾ’ ಇದ್ದ ಊರಿಗೆ ಜನ ಬರುತ್ತಾರೆ, ಅದು ಕಲ್ಯಾಣವಾಗುತ್ತದೆ. ಹರಳಯ್ಯನ ಮಗನಿಗೆ ಅರಮನೆ ಹೇಳಿದ್ದು ‘ಮತ್ತು’.

ಇಲ್ಲಿಗೆ ನಿಲ್ಲಿಸಿದ್ದರೆ ಬರಹ ನಮಗೆ ಹಿತವಾಗಿರುತ್ತಿತ್ತು. ಆದರೆ ನಮ್ಮದೇ ಪೌರತ್ವದ ಕಾನೂನು ಏನು ಹೇಳುತ್ತದೆಂದು ದೊಡ್ಡವ್ವನೂ ಕೇಳಲಿಲ್ಲ, ಅಣ್ಣನ ವಾಟ್ಸ್‌ಆಪ್ ಗುಂಪಿನಲ್ಲೂ ಯಾರೂ ಕೇಳಲಿಲ್ಲ. 1947ರ ಏಪ್ರಿಲ್ 29ರಂದು ಸಂವಿಧಾನ ಸಭೆಯಲ್ಲಿ ಸರ್ದಾರ್ ಪಟೇಲರು ಮಂಡಿಸಿದ ಕರಡು ಅಮೆರಿಕದ ತಿದ್ದುಪಡಿಯ ನೆರಳಿನಲ್ಲೇ ಇತ್ತು, ಒಕ್ಕೂಟದಲ್ಲಿ ಹುಟ್ಟಿದವರು ನಾಗರಿಕರು ಎನ್ನುವಂಥದ್ದು. ಪರದೇಶಿಯರ ಮಕ್ಕಳ ಗತಿ ಏನೆಂಬ ಆಕ್ಷೇಪ ಅಂದೂ ಎದ್ದಿತು. ರಾಷ್ಟ್ರೀಯತೆಯಲ್ಲಿ ವಿಶಾಲವಾದದ್ದೂ ಇದೆ, ಇಕ್ಕಟ್ಟಾದದ್ದೂ ಇದೆ, ನಾವು ಇಕ್ಕಟ್ಟಿನದನ್ನು ಹಿಡಿಯುವುದು ತರವಲ್ಲ ಎಂಬುದು ಪಟೇಲರ ನಿಲುವಾಗಿತ್ತು. (ಆಗ ಕಲ್ಯಾಣ, ಹುಮನಾಬಾದುಗಳು ನಿಜಾಮನ ಕೆಳಗಿದ್ದವು. ಆ ಚರ್ಚೆಯಲ್ಲಿ ನಮ್ಮವರು ಇರಲಿಲ್ಲ.) 1955ರ ಪೌರತ್ವ ಕಾಯ್ದೆಯ ಮೂರನೇ ಕಲಮು ಆ ವಿಶಾಲತೆಯನ್ನು ಉಳಿಸಿಕೊಂಡಿತು. ಆ ಮೇಲೆ ಅದೇ ಕಲಮಿಗೆ ಎರಡು ಸಲ ‘ಮತ್ತು’ ಸೇರಿತು. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ-ತಾಯಿಯಲ್ಲಿ ಒಬ್ಬರು ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇಬ್ಬರೂ ನಾಗರಿಕರಾಗಿರಬೇಕು, ಅಥವಾ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಇವತ್ತು ಕೆಲಸದ ವೀಸಾದ ಮೇಲೆ ಬೆಂಗಳೂರಿಗೆ ಬಂದ ಪರದೇಶಿ ದಂಪತಿಗೆ ಅಲ್ಲಿ ಕೂಸಾದರೆ ಅದು ಭಾರತದ ನಾಗರಿಕನಲ್ಲ. ಅಣ್ಣನ ಕೂಸಿಗೆ ಅಲ್ಲಿ ಏನಾಗಬಾರದೆಂದು ನಾವು ದೇವರಿಗೆ ಹರಕೆ ಹೊತ್ತೆವೋ ಅದು ಇಲ್ಲಿ 1987ರಿಂದಲೇ ಕಾನೂನು.

ವ್ಯತ್ಯಾಸವೊಂದಿದೆ, ಅದನ್ನು ಮರೆಮಾಚುವುದು ಅನ್ಯಾಯ. ನಮ್ಮಲ್ಲಿ ಬದಲಾವಣೆ ತಂದದ್ದು ಸಂಸತ್ತು, ಒಬ್ಬರ ಸಹಿಯಲ್ಲ. ಸಂವಿಧಾನದ 11ನೇ ವಿಧಿ ಆ ಅಧಿಕಾರವನ್ನು ಸಂಸತ್ತಿಗೇ ಕೊಟ್ಟಿದೆ. ಮಿತಾಕ್ಷರದ ಭಾಷೆಯಲ್ಲಿ ಹೇಳುವುದಾದರೆ ಮನೆಯವರೆಲ್ಲ ಕೂತು ಪಾಲು ಬದಲಿಸಿದ್ದಕ್ಕೂ ಯಜಮಾನ ಒಬ್ಬನೇ ಹೊಲ ಬರೆದುಕೊಟ್ಟಿದ್ದಕ್ಕೂ ಅಂತರವಿದೆ. ಆ ಅಂತರ ದೊಡ್ಡದೆಂದೇ ನಾನು ನಂಬುತ್ತೇನೆ. ಆದರೆ ಕೂತು ಮಾತಾಡಿದವರಲ್ಲಿ ಆ ಕೂಸು ಇರಲಿಲ್ಲ ಎಂಬುದೂ ನಿಜ, ಶೀಲವಂತ ಕಲಾವತಿಯರು ಇರಲಿಲ್ಲವಲ್ಲ, ಹಾಗೆ.

ನಾಟಕಗಳ ಅಧ್ಯಾಯ ಬರೆಯುವವಳು ನಮ್ಮ ಜಿಲ್ಲೆಯ ಇನ್ನೊಂದು ನಾಟಕವನ್ನು ಬಿಡಬಾರದು. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳು ಪೌರತ್ವದ ಕಾಗದಗಳ ಬಗ್ಗೆ ಒಂದು ಆಟ ಆಡಿದರು. ರಾಜದ್ರೋಹದ ಮೊಕದ್ದಮೆ ದಾಖಲಾಯಿತು. ಮುಖ್ಯ ಶಿಕ್ಷಕಿಯನ್ನೂ ಒಂದು ಮಗುವಿನ ತಾಯಿಯನ್ನೂ ಬಂಧಿಸಿದರು. ಸಮವಸ್ತ್ರದ ಪೊಲೀಸರು ಮಕ್ಕಳನ್ನೇ ಪ್ರಶ್ನಿಸಿದರು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಆ ಮೊಕದ್ದಮೆಯನ್ನು ರದ್ದು ಮಾಡಿತು. ಮೂರೂವರೆ ವರ್ಷ. ‘ತಲೆದಂಡ’ಕ್ಕೆ ಅಕಾಡೆಮಿ ಪ್ರಶಸ್ತಿ ಬಂತು, ಅದೇ ಪ್ರಶ್ನೆ ಕೇಳಿದ ಈ ಆಟದ ಪ್ರತಿ ಯಾವ ಗ್ರಂಥಾಲಯದಲ್ಲೂ ನನಗೆ ಸಿಗುವುದಿಲ್ಲ. ಅಧ್ಯಾಯದಲ್ಲಿ ಅದಕ್ಕೊಂದು ಅಡಿಟಿಪ್ಪಣಿ ಸಾಕೆಂದು ಮೊದಲು ಅಂದುಕೊಂಡಿದ್ದೆ. ಈಗ ಅಡಿಟಿಪ್ಪಣಿಯಿಂದ ಮೇಲಕ್ಕೆ ತಂದಿದ್ದೇನೆ. ಮೊದಲ ವಾಕ್ಯವನ್ನೂ ತಿದ್ದಿದ್ದೇನೆ. ವಚನ ಚಳವಳಿ ಹುಟ್ಟನ್ನು ನಿರಾಕರಿಸಿತು ಎಂದಿದ್ದದ್ದು, ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎಂಬ ಪ್ರಶ್ನೆಯನ್ನು ನಿರಾಕರಿಸಿತು ಎಂದಾಗಿದೆ. ಮಾರ್ಗದರ್ಶಕರು ಇನ್ನೂ ನೋಡಿಲ್ಲ.

ಕೂಸು ಆಗಸ್ಟ್‌ನಲ್ಲಿ ಹುಟ್ಟಿತು, ಹೆಣ್ಣು. ಅಲ್ಲಿಯ ಜನನ ಪ್ರಮಾಣಪತ್ರ ಸಿಕ್ಕಿತು, ಪಾಸ್‌ಪೋರ್ಟೂ ಬಂತು. ಅದು ಬರದೇ ಹೋಗಿದ್ದರೂ ಆ ಕೂಸಿಗೆ ಗತಿ ಇತ್ತು. ವರ್ಷದೊಳಗೆ ನಮ್ಮ ಕಾನ್ಸುಲೇಟಿನಲ್ಲಿ ನೋಂದಾಯಿಸಿದರೆ ವಂಶದಿಂದ ಭಾರತದ ನಾಗರಿಕಳಾಗುತ್ತಿದ್ದಳು. ಆ ಆದೇಶದಡಿ ಬರುವ ಎಲ್ಲ ಮಕ್ಕಳಿಗೂ ಬೆನ್ನ ಹಿಂದೆ ಇಂಥದೊಂದು ದೇಶ ಇರುವುದಿಲ್ಲ. ದೊಡ್ಡವ್ವ ಹುಮನಾಬಾದಿನಲ್ಲೇ ತೊಟ್ಟಿಲು ಕಾರ್ಯ ಮತ್ತೊಮ್ಮೆ ಮಾಡಬೇಕೆಂದು ಹಟ ಹಿಡಿದಿದ್ದಾಳೆ. ಹೋದ ವಾರ ಹೋದಾಗ ಹಳೆಯ ಮರದ ತೊಟ್ಟಿಲನ್ನು ಮಾಳಿಗೆಯಿಂದ ಇಳಿಸಿ ಎಣ್ಣೆ ಒರೆಸುತ್ತಿದ್ದಳು. ಅಣ್ಣ ಅತ್ತಿಗೆ ಹಾಗೇ ಬರಬಹುದು, ಕೂಸಿಗೆ ಮಾತ್ರ ವೀಸಾ ಬೇಕು ಎಂದೆ.

ಅವಳ ಕೈ ನಿಂತಿತು. “ಯಾಕ? ಅಜ್ಜೀ ಮನಿಗಿ ಬರ್ಲಾಕ?”